ಬಿಸಿಲು, ಸಿಡಿಲು ಮತ್ತು ಮುನ್ಸೂಚನೆ

ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಜಿಲ್ಲೆಗಳಿಗಾಗಿ ಹೊರಡುವ ಹವಾಮಾನ ಮುನ್ಸೂಚನೆಯನ್ನು ಗಮನವಿಟ್ಟು ಓದಿದರೆ ಒಂದು ವಿಚಿತ್ರ ಕಂಡುಬರುತ್ತದೆ. ಹಗಲಿನ ಉಷ್ಣತೆ ವಾಡಿಕೆಗಿಂತ ಹೆಚ್ಚಾಗಿರುವುದೆಂಬ ಮಾತೂ, ಸಂಜೆಯ ವೇಳೆಗೆ ಒಂದೆರಡು ಕಡೆ ಗುಡುಗು ಮಿಂಚುಗಳಿಂದ ಕೂಡಿದ ಮಳೆಯಾಗಬಹುದೆಂಬ ಮಾತೂ ಒಂದೇ ಪ್ರಕಟಣೆಯಲ್ಲಿ, ಒಮ್ಮೊಮ್ಮೆ ಒಂದೇ ಜಿಲ್ಲೆಗೆ, ಜೊತೆಜೊತೆಯಾಗಿ ಇರುವುದುಂಟು. ಓದಿದವರಲ್ಲಿ ಹಲವರು ನಕ್ಕು ಸುಮ್ಮನಾಗುತ್ತಾರೆ. ಬೇಸಗೆಯಲ್ಲಿ ಬಿಸಿಲಿರುವುದನ್ನು ಹೇಳಲು ಶಾಸ್ತ್ರಜ್ಞರು ಬೇಕೆ ಎಂಬುದು ಒಂದು ನಗೆ. ಬಂದರೂ ಬರಬಹುದು, ಬಾರದೆಯೂ ಇರಬಹುದು ಎನ್ನುವ ಮಾತಿನಿಂದ ಪ್ರಯೋಜನವೇನು ಎಂಬುದು ಇನ್ನೊಂದು. ಈ ಎರಡು ನಗೆಗಳೂ ಜೀವಕ್ಕೆ ಅಪಾಯಕರವೆಂಬುದು ನಮ್ಮ ಅಭಿಪ್ರಾಯ. ಬಿಸಿಲನ್ನು ಅಭ್ಯಾಸವೆಂದೂ ಸಿಡಿಲನ್ನು ಹಣೆಬರಹವೆಂದೂ ಭಾವಿಸಿರುವ ನಮ್ಮ ಸಮಾಜ, ಇವೆರಡೂ ಮೊದಲೇ ಅರಿತು ಬಹುಮಟ್ಟಿಗೆ ತಪ್ಪಿಸಿಕೊಳ್ಳಬಹುದಾದ ವಿಪತ್ತುಗಳೆಂಬುದನ್ನು ಇನ್ನೂ ಮನಸ್ಸಿಗೆ ತಂದುಕೊಂಡಿಲ್ಲ.

ಮೊದಲು, ಉರಿಬಿಸಿಲೂ ಗುಡುಗುಮಳೆಯೂ ಜೊತೆಗೂಡುವುದೇಕೆಂಬುದನ್ನು ವಿಚಾರ ಮಾಡೋಣ. ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ನಡುಹಗಲಿನ ಸೂರ್ಯ ಬೆಂಗಳೂರಿನ ನೆತ್ತಿಗೆ ಬರುತ್ತಾನೆ. ಮೇ ತಿಂಗಳ ಎರಡನೆಯ ವಾರದಲ್ಲಿ ಕಲಬುರಗಿಯ ನೆತ್ತಿಗೆ. ಒಣಗಿದ ನೆಲ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿ ಕಾದು, ಹಗುರವಾಗಿ ಮೇಲೇರುತ್ತದೆ. ಏರುವ ಒಣಗಾಳಿ ಪ್ರತಿ ಕಿಲೋಮೀಟರಿಗೂ ಸುಮಾರು ೧೦ ಡಿಗ್ರಿಯಂತೆ ತಣಿಯುತ್ತ ಹೋಗುತ್ತದೆ. ಅದರಲ್ಲಿ ತೇವವಿಲ್ಲದಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ನಮ್ಮ ಪಾಲಿಗೆ ಉಳಿಯುವುದು ಬರಿಯ ಬಿಸಿಲು. ಆದರೆ ಅರಬ್ಬೀ ಸಮುದ್ರದಿಂದಲೋ ಬಂಗಾಳ ಕೊಲ್ಲಿಯಿಂದಲೋ ಬಂದ ತೇವದ ಗಾಳಿ ಒಳನಾಡಿನಲ್ಲಿ ಹರಡಿದ್ದರೆ, ಮೇಲೇರಿದ ನೀರಾವಿ ಹನಿಗೂಡುತ್ತದೆ. ಹಾಗೆ ಹನಿಗೂಡುವಾಗ, ಪಠ್ಯಪುಸ್ತಕಗಳು ಗುಪ್ತೋಷ್ಣವೆಂದು ಹೆಸರಿಸುವ ಶಾಖ ಬಿಡುಗಡೆಯಾಗಿ, ಗಾಳಿಯನ್ನು ಮತ್ತಷ್ಟು ಮೇಲಕ್ಕೆ ನೂಕುತ್ತದೆ. ಮಧ್ಯಾಹ್ನ ಹೂಕೋಸಿನಂತೆ ಉಬ್ಬಿದ್ದ ಮೋಡ ಸಂಜೆಯೊಳಗೆ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಗೋಪುರವಾಗಿ ನಿಲ್ಲುತ್ತದೆ. ಅದರೊಳಗೆ ಮೇಲೇರುವ ಹಿಮದ ಹರಳುಗಳೂ ಕೆಳಗಿಳಿಯುವ ಮೆದುವಾದ ಆಲಿಕಲ್ಲುಗಳೂ ಒಂದಕ್ಕೊಂದು ತಾಗಿ ವಿದ್ಯುದಾವೇಶ ಪಡೆಯುತ್ತವೆ. ಮೋಡದ ನೆತ್ತಿಯಲ್ಲಿ ಧನಾವೇಶವೂ ಕೆಳಭಾಗದಲ್ಲಿ ಋಣಾವೇಶವೂ ಶೇಖರವಾಗುತ್ತವೆ. ಈ ಆವೇಶ ಹರಿದುಹೋಗುವ ದಾರಿಯಲ್ಲಿ ಗಾಳಿಯು ಕ್ಷಣಮಾತ್ರದಲ್ಲಿ ಸುಮಾರು ೩೦,೦೦೦ ಡಿಗ್ರಿಯವರೆಗೆ ಕಾಯುತ್ತದೆ. ಆ ಬೆಳಕೇ ಮಿಂಚು, ಆ ಗಾಳಿ ಹಠಾತ್ತನೆ ಹಿಗ್ಗುವ ಸದ್ದೇ ಗುಡುಗು. ಆದುದರಿಂದ ಬಿಸಿಲೂ ಸಿಡಿಲೂ ಪರಸ್ಪರ ವಿರೋಧಿಗಳಲ್ಲ. ಅವು ಒಂದೇ ಒಲೆಯ ಉರಿ ಮತ್ತು ಕಿಡಿ.

ಇಂಥ ಮೋಡವೊಂದರ ಅಗಲ ಕೆಲವೇ ಕಿಲೋಮೀಟರ್. ಅದರ ಆಯುಸ್ಸು ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸು. ಒಲೆಯ ಮೇಲಿಟ್ಟ ಪಾತ್ರೆಯ ನೀರು ಕುದಿಯುವುದೆಂದು ಯಾರು ಬೇಕಾದರೂ ಹೇಳಬಹುದು. ಮೊದಲ ಗುಳ್ಳೆ ಎಲ್ಲಿ ಏಳುವುದೆಂದು ಹೇಳುವುದು ಕಷ್ಟ. ಮುನ್ಸೂಚನೆಯಲ್ಲಿ 'ಒಂದೆರಡು ಕಡೆ' ಎಂಬ ಮಾತು ಬರುವುದು ಈ ಕಾರಣದಿಂದ. ಅದು ಜಾರಿಕೊಳ್ಳುವ ಮಾತಲ್ಲ, ಅಳತೆಯುಳ್ಳ ಪರಿಭಾಷೆ. ಆ ಪ್ರದೇಶದ ಮಳೆ ಅಳೆಯುವ ಕೇಂದ್ರಗಳಲ್ಲಿ ಹೆಚ್ಚೆಂದರೆ ನೂರಕ್ಕೆ ೨೫ರಲ್ಲಿ ಮಳೆಯಾಗುವುದೆಂದು ಅದರ ಅರ್ಥ. 'ಕೆಲವು ಕಡೆ' ಎಂದರೆ ಅರ್ಧದವರೆಗೆ, 'ಹಲವು ಕಡೆ' ಎಂದರೆ ಮುಕ್ಕಾಲರವರೆಗೆ, ಅದಕ್ಕೂ ಮೇಲಾದರೆ 'ಬಹುತೇಕ ಕಡೆ'. ಇದನ್ನು ತಿಳಿದವರು ತಮ್ಮ ಹೊಲಕ್ಕೆ ಹನಿ ಬೀಳಲಿಲ್ಲವೆಂದು ಮುನ್ಸೂಚನೆ ಸುಳ್ಳಾಯಿತೆನ್ನಲಾರರು. ಅದೇ ಸಂಜೆ ಎರಡು ಹರದಾರಿ ಆಚೆಯ ಹೊಲದಲ್ಲಿ ಸಿಡಿಲು ಬಿದ್ದಿರಬಹುದು.

ಸಿಡಿಲಿನ ಬೆಲೆ ಸಣ್ಣದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸಿರುವ ಲೆಕ್ಕದಂತೆ ೨೦೨೦, ೨೦೨೧, ೨೦೨೨ ಈ ಮೂರು ವರ್ಷಗಳಲ್ಲಿ ಒಂದೊಂದರಲ್ಲಿಯೂ ಭಾರತದಲ್ಲಿ ೨,೮೦೦ಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾದರು. ಹೊಲದಲ್ಲಿ ದುಡಿಯುವವರು, ದನ ಕುರಿಗಳನ್ನು ಕಾಯುವವರು, ಮಳೆಗೆ ಮರದ ಆಸರೆ ಹುಡುಕಿದವರು ಇಂಥ ಸಾವಿಗೆ ಈಡಾಗುವುದು ಹೆಚ್ಚು. ಗುಡುಗಿದಾಗ ಅರ್ಜುನನ ಹೆಸರುಗಳನ್ನು ಹೇಳಿಕೊಳ್ಳುವ ವಾಡಿಕೆ ನಮ್ಮ ಮನೆಗಳಲ್ಲಿದೆ. ಅದರಿಂದ ಮಕ್ಕಳ ಭಯ ತಗ್ಗಿದರೆ ಆಕ್ಷೇಪಿಸಬೇಕಾದುದಿಲ್ಲ. ಆದರೆ ವಿದ್ಯುತ್ತು ಹೆಸರನ್ನು ಕೇಳಿ ದಾರಿ ಬದಲಿಸುವುದಿಲ್ಲ, ಎತ್ತರವಾದುದನ್ನೂ ಒಂಟಿಯಾಗಿ ನಿಂತುದನ್ನೂ ಅರಸಿ ಬರುತ್ತದೆ. ಶಬ್ದವು ಒಂದು ಕಿಲೋಮೀಟರ್ ಸಾಗಲು ಸುಮಾರು ೩ ಸೆಕೆಂಡು ಹಿಡಿಯುತ್ತದೆ. ಮಿಂಚು ಕಂಡ ೩೦ ಸೆಕೆಂಡುಗಳೊಳಗೆ ಗುಡುಗು ಕೇಳಿಸಿತೆಂದರೆ ಸಿಡಿಲಿನ ಮೋಡ ಹತ್ತು ಕಿಲೋಮೀಟರಿನೊಳಗೆ ಬಂದಿದೆ. ಆಗ ಗಟ್ಟಿ ಕಟ್ಟಡವನ್ನು ಸೇರಬೇಕು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಬರಬಾರದು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದೆಂಬ ಭಯದಿಂದ ಅವರನ್ನು ಮುಟ್ಟದೆ ಬಿಡುವುದು ಘೋರ ಅಜ್ಞಾನ. ಅವರನ್ನು ಮುಟ್ಟಬಹುದು, ಉಸಿರು ನಿಂತಿದ್ದರೆ ಕೂಡಲೆ ಕೃತಕ ಉಸಿರಾಟ ಕೊಟ್ಟು, ಎದೆಯನ್ನು ಒತ್ತಿ, ಬದುಕಿಸಲು ಯತ್ನಿಸಬೇಕು.

ಇನ್ನು ಬಿಸಿಲಿನ ಮಾತು. ಬಯಲುನಾಡಿನಲ್ಲಿ ಗರಿಷ್ಠ ಉಷ್ಣತೆ ೪೦ ಡಿಗ್ರಿಯನ್ನು ಮುಟ್ಟಿ, ವಾಡಿಕೆಗಿಂತ ೪.೫ ಡಿಗ್ರಿಯಾದರೂ ಹೆಚ್ಚಾಗಿದ್ದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿಯ ಸ್ಥಿತಿಯೆಂದು ಕರೆಯುತ್ತದೆ. ಇದು ಉಪಯುಕ್ತವಾದ ಗಡಿಯೇ. ಆದರೆ ಮನುಷ್ಯನ ದೇಹ ಈ ಒಂದು ಅಂಕಿಯನ್ನಷ್ಟೇ ಓದುವುದಿಲ್ಲ. ಒಂದು ಗ್ರಾಂ ಬೆವರು ಆರುವಾಗ ಸುಮಾರು ೫೮೦ ಕ್ಯಾಲೊರಿ ಶಾಖವನ್ನು ಮೈಯಿಂದ ಹೊತ್ತೊಯ್ಯುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಹರಿದುಹೋಗುವುದೇ ಹೊರತು ಆರುವುದಿಲ್ಲ. ಬಲ್ಬಿಗೆ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ನೋಡಿರಬಹುದು. ಕಲಬುರಗಿಯಲ್ಲಿ ೪೦ ಡಿಗ್ರಿ ಉಷ್ಣತೆಯೂ ನೂರಕ್ಕೆ ೨೦ರಷ್ಟು ಆರ್ದ್ರತೆಯೂ ಇದ್ದಾಗ ಅದು ಸುಮಾರು ೨೩ ಡಿಗ್ರಿ ತೋರಿಸುವುದು. ಮಂಗಳೂರಿನಲ್ಲಿ ೩೪ ಡಿಗ್ರಿಯೂ ನೂರಕ್ಕೆ ೭೦ರಷ್ಟು ಆರ್ದ್ರತೆಯೂ ಇದ್ದಾಗ ಸುಮಾರು ೨೯ ಡಿಗ್ರಿ. ಈ ಅಂಕಿ ೩೫ನ್ನು ಮುಟ್ಟಿದರೆ ನೆರಳಿನಲ್ಲಿ ಸುಮ್ಮನೆ ಕುಳಿತವನ ಮೈಯೂ ತಣಿಯಲಾರದೆಂದು ೨೦೧೦ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಆರೋಗ್ಯವಂತ ತರುಣರ ಮೇಲೆ ಅಮೆರಿಕದಲ್ಲಿ ನಡೆದು ೨೦೨೨ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ತೇವದ ಹವೆಯಲ್ಲಿ ಆ ಮಿತಿ ೩೧ರ ಆಸುಪಾಸಿನಲ್ಲಿಯೇ ಇರುವುದು ಕಂಡುಬಂದಿತು. ಹಾಗೆಂದು ಒಣಬಿಸಿಲು ನಿರಪಾಯವೆಂದು ಬಗೆಯಬಾರದು. ಗಾಳಿ ಮೈಗಿಂತ ಬಿಸಿಯಾದಾಗ ಅದೇ ಮೈಯನ್ನು ಕಾಯಿಸುತ್ತದೆ, ಬೆವರಾಗಿ ಹೋಗುವ ನೀರೂ ಬಹಳ. ಬಿಸಿಲಿಗೂ ಗುಡುಗುಮಳೆಗೂ ಇರುವ ಇನ್ನೊಂದು ನಂಟು ಇಲ್ಲಿದೆ. ಸಣ್ಣ ಮಳೆಯೊಂದು ಬಂದು ಹೋದ ಮಾರನೆಯ ದಿನ ಉಷ್ಣಮಾಪಕ ಎರಡು ಡಿಗ್ರಿ ಕಡಮೆ ತೋರಿಸಿದರೂ, ನೆಲದಿಂದ ಎದ್ದ ತೇವದಿಂದಾಗಿ ಸೆಕೆ ಹೆಚ್ಚಾಗಿರಬಹುದು. ಮಳೆ ಬಂದಿತು, ಇನ್ನು ಭಯವಿಲ್ಲವೆಂದು ನಡುಹಗಲಿನಲ್ಲಿ ಕೆಲಸಕ್ಕೆ ಹೊರಡುವವರು ಇದನ್ನು ನೆನಪಿಡಬೇಕು.

ಎಚ್ಚರಿಕೆಯಿಂದ ಜೀವ ಉಳಿಸಬಹುದೆಂಬುದಕ್ಕೆ ಅಹಮದಾಬಾದಿನ ಉದಾಹರಣೆಯಿದೆ. ೨೦೧೦ರ ಮೇ ತಿಂಗಳಲ್ಲಿ ಅಲ್ಲಿ ಉಷ್ಣತೆ ೪೬.೮ ಡಿಗ್ರಿಗೇರಿತು, ಆ ಒಂದು ತಿಂಗಳಲ್ಲಿ ವಾಡಿಕೆಗಿಂತ ೧,೩೪೪ ಸಾವುಗಳು ಹೆಚ್ಚಾಗಿ ಸಂಭವಿಸಿದುವೆಂದು ಮುಂದೆ ಲೆಕ್ಕ ಮಾಡಲಾಯಿತು. ಅದರಿಂದ ಪಾಠ ಕಲಿತ ನಗರ ೨೦೧೩ರಲ್ಲಿ ಬಿಸಿಲಿನ ವಿಪತ್ತಿಗೆಂದೇ ಒಂದು ಕಾರ್ಯಯೋಜನೆಯನ್ನು ಜಾರಿಗೆ ತಂದಿತು. ಮುನ್ಸೂಚನೆ ಬಂದೊಡನೆ ಜನರಿಗೆ ತಿಳಿಸುವುದು, ಕುಡಿಯುವ ನೀರನ್ನೂ ನೆರಳನ್ನೂ ಒದಗಿಸುವುದು, ವೈದ್ಯರನ್ನು ಸಿದ್ಧಗೊಳಿಸುವುದು ಇಷ್ಟೇ ಅದರ ಸಾರ. ಇದರಲ್ಲಿ ದುಬಾರಿಯಾದ ಯಂತ್ರ ಯಾವುದೂ ಇಲ್ಲ.

ನಮ್ಮ ರಾಜ್ಯದಲ್ಲಿಯೂ ಈ ವಿವೇಕ ಇಲ್ಲದಿಲ್ಲ. ಕಲಬುರಗಿ ವಿಭಾಗ, ವಿಜಯಪುರ, ಬಾಗಲಕೋಟೆಗಳ ಸರ್ಕಾರಿ ಕಚೇರಿಗಳನ್ನು ಬೇಸಗೆಯಲ್ಲಿ ಬೆಳಿಗ್ಗೆ ೮ ಗಂಟೆಯಿಂದ ಮಧ್ಯಾಹ್ನ ಒಂದೂವರೆಯವರೆಗೆ ನಡೆಸುವ ಆಜ್ಞೆ ಹೊರಡುವುದು ರೂಢಿಯಾಗಿದೆ. ಇದು ಸರಿಯಾದ ಕ್ರಮ. ಆದರೆ ಬೀಸಣಿಗೆಯ ಕೆಳಗೆ ಕುಳಿತು ಕಡತ ನೋಡುವವರಿಗೆ ದೊರೆತ ಈ ರಕ್ಷಣೆ, ಶಹಾಬಾದಿನ ಗಣಿಯಲ್ಲಿ ಕಲ್ಲು ಎಬ್ಬಿಸುವವನಿಗೆ, ಕಟ್ಟಡದ ಮೇಲೆ ಇಟ್ಟಿಗೆ ಹೊರುವವಳಿಗೆ, ರಸ್ತೆಗೆ ಡಾಂಬರು ಹಾಕುವವರಿಗೆ ದೊರೆಯದಿದ್ದರೆ ಅದನ್ನು ನ್ಯಾಯವೆನ್ನಲಾಗದು. ಬಿಸಿಲಿಗೆ ಹೆಚ್ಚು ಒಡ್ಡಿಕೊಂಡವರು ದಿನಗೂಲಿಯ ಜನ. ಒಂದು ಹೊತ್ತು ನೆರಳಿನಲ್ಲಿ ಕುಳಿತರೆ ಒಂದು ಹೊತ್ತಿನ ಊಟ ಹೋಗುವುದೆಂಬ ಹೆದರಿಕೆಯೇ ಅವರನ್ನು ಬಿಸಿಲಿಗೆ ನೂಕುತ್ತದೆ. ಆದಕಾರಣ ಮುನ್ಸೂಚನೆಯ ಬಣ್ಣ ಕಿತ್ತಳೆಗೋ ಕೆಂಪಿಗೋ ತಿರುಗಿದ ದಿನ, ಕೂಲಿ ಕಡಿತವಾಗದಂತೆ ಅವರ ಕೆಲಸದ ವೇಳೆಯೂ ಬದಲಾಗಬೇಕೆಂಬುದು ನಮ್ಮ ಆಗ್ರಹ. ಇಲ್ಲದಿದ್ದರೆ ಮುನ್ಸೂಚನೆ ಓದಬಲ್ಲವರಿಗಷ್ಟೇ ಒದಗಿದ ಸೌಕರ್ಯವಾಗಿ ಉಳಿಯುತ್ತದೆ.

ಬಿಸಿಲು ಬಡಗಣ ಜಿಲ್ಲೆಗಳ ಪಾಡು ಮಾತ್ರವೆಂದು ಉಳಿದವರು ಸುಮ್ಮನಿರುವಂತಿಲ್ಲ. ತಂಪಿಗೆ ಹೆಸರಾದ ಬೆಂಗಳೂರಿನಲ್ಲಿಯೇ ೨೦೧೬ರ ಏಪ್ರಿಲ್ ತಿಂಗಳಲ್ಲಿ ೩೯.೨ ಡಿಗ್ರಿ ದಾಖಲಾಯಿತು. ಭೂಮಿ ಕಾಯುತ್ತಿರುವುದೂ ಈಗ ವಿವಾದದ ವಿಷಯವಲ್ಲ. ಪ್ರತಿ ಡಿಗ್ರಿ ಏರಿಕೆಗೆ ಗಾಳಿ ಹಿಡಿದಿಡಬಲ್ಲ ನೀರಾವಿ ನೂರಕ್ಕೆ ಸುಮಾರು ೭ರಷ್ಟು ಹೆಚ್ಚುತ್ತದೆ. ಆದುದರಿಂದ ಒಲೆಗೆ ಸೌದೆ ಹೆಚ್ಚುತ್ತಿದೆ ಎನ್ನಬೇಕು.

ವಿದ್ಯಾರ್ಥಿಗಳು ಮಾಡಬಹುದಾದುದೇನು? ಪ್ರತಿ ಪ್ರೌಢಶಾಲೆಯ, ಪ್ರತಿ ಕಾಲೇಜಿನ ಬಾಗಿಲಲ್ಲಿ ಒಂದು ಕಪ್ಪು ಹಲಗೆಯಿರಲಿ. ಒಣ ಬಲ್ಬು, ಒದ್ದೆ ಬಲ್ಬುಗಳ ಎರಡು ಅಂಕಿಗಳನ್ನೂ ಜಿಲ್ಲೆಗೆ ಹೇಳಿದ ಮುನ್ಸೂಚನೆಯನ್ನೂ ಅದರ ಬಣ್ಣವನ್ನೂ ದಿನವೂ ಅಲ್ಲಿ ಬರೆಯಲಿ. ರಜೆಯಲ್ಲಿ ಊರಿಗೆ ಹೋದವರು ಅದೇ ಕೆಲಸವನ್ನು ಪಂಚಾಯಿತಿಯ ಗೋಡೆಯ ಮೇಲೆ ನಡೆಸಬಹುದು. ಮೂರು ಗಂಟೆಗಳ ಮಟ್ಟಿಗೆ ಇಲಾಖೆ ಕೊಡುವ ತತ್ಕಾಲದ ಮುನ್ಸೂಚನೆಯೂ, ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯವರು ಸಿದ್ಧಪಡಿಸಿದ 'ದಾಮಿನಿ' ಎಂಬ ಸಿಡಿಲಿನ ಎಚ್ಚರಿಕೆಯೂ ಇಂದು ಮೊಬೈಲ್ ಫೋನಿನಲ್ಲಿ ದೊರೆಯುತ್ತವೆ. ಅವುಗಳನ್ನು ನೋಡಿ, ಊರಿನವರಿಗೆ ಊರಿನ ಮಾತಿನಲ್ಲಿಯೇ ತಿಳಿಸಬೇಕು. ಇಷ್ಟು ಹೊತ್ತಿನೊಳಗೆ ಕುರಿಗಳನ್ನು ಹಟ್ಟಿಗೆ ತರಬೇಕು, ಇಷ್ಟು ಹೊತ್ತಿನ ಮೇಲೆ ಕಳೆ ತೆಗೆಯಲು ಹೋಗಬಾರದು ಎಂದು ಬಿಡಿಸಿ ಹೇಳಿದಾಗಲೇ ಮುನ್ಸೂಚನೆ ಬೇಕಾದವರನ್ನು ಮುಟ್ಟಿದಂತಾಗುತ್ತದೆ. ಭರಣಿಯ ಮಳೆಗೆ ಕಾದು ಆಕಾಶವನ್ನು ಓದುತ್ತ ಬಂದ ಜನ ನಮ್ಮವರು. ಈ ಹೊಸ ಓದೂ ಅವರಿಗೆ ಅಸಾಧ್ಯವಲ್ಲ, ಓದಿ ಹೇಳುವವರೊಬ್ಬರು ಊರಿಗೆ ಬೇಕು.