ಯಂತ್ರದಾನಕ್ಕಿಂತ ಪಾಠದಾನ ಮಿಗಿಲು

ಗ್ರಂಥವು ಕಾಲಕಾಲಕ್ಕೆ ತನ್ನ ಮೈಯನ್ನು ಬದಲಿಸಿಕೊಳ್ಳುತ್ತ ಬಂದಿದೆ. ತಾಳೆಯೋಲೆ, ಕಡತ, ಕಾಗದ, ಅಚ್ಚಿನ ಮೊಳೆಗಳನ್ನು ದಾಟಿ ಬಂದ ಕನ್ನಡ ವಾಙ್ಮಯವು ಈಗ ಈ-ರೀಡರ್ ಎಂಬ ಅಂಗೈಯಗಲದ ಓದುಫಲಕದ ಬಾಗಿಲಲ್ಲಿ ನಿಂತಿದೆ. ಇಂಥ ಫಲಕಗಳನ್ನು ಶಾಲೆಗೆ ಕಾಣಿಕೆಯಾಗಿ ಕೊಡಬೇಕೆಂಬ ಸದಿಚ್ಛೆ ದಾನಿಗಳಲ್ಲಿ ಮೂಡುವುದು ಸ್ತುತ್ಯವೇ ಸರಿ. ಆದರೆ ಫಲಕ ಬಂದ ಮಾತ್ರಕ್ಕೆ ಓದು ಬಂದಂತಾಗುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಸಾಧನದ ಗುಣಗಳು ಅಲ್ಪವಲ್ಲ. ಇದರ ಪುಟವು ದೂರದರ್ಶನದ ಪರದೆಯಂತೆ ಝಗಝಗಿಸುವುದಿಲ್ಲ. ಕಪ್ಪು ಬಿಳಿಯ ಸೂಕ್ಷ್ಮ ಕಣಗಳು ಸ್ಥಾನ ಬದಲಿಸುವುದರಿಂದ ಅಕ್ಷರ ಮೂಡುತ್ತದೆ. ಮೂಡಿದ ಅಕ್ಷರ ನಿಲ್ಲುವುದಕ್ಕೆ ವಿದ್ಯುತ್ತು ಬೇಡ, ಪುಟ ತಿರುಗಿದಾಗ ಮಾತ್ರ ಬೇಕು. ಆದಕಾರಣ ಒಮ್ಮೆ ವಿದ್ಯುತ್ ತುಂಬಿದರೆ ವಾರಗಟ್ಟಲೆ ಓದಬಹುದು. ದೃಷ್ಟಿ ಮಂದವಾದವರು ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸಿಕೊಳ್ಳಬಹುದು.

ಆದರೆ ಕನ್ನಡಿಗನಿಗೆ ಈ ಗುಣಗಳು ಪೂರ್ಣವಾಗಿ ದಕ್ಕಿಲ್ಲ. ೨೦೧೬ರಲ್ಲಿ ಅಮೆಜಾನ್ ಸಂಸ್ಥೆಯು ತನ್ನ ಕಿಂಡಲ್ ಮಳಿಗೆಯಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂಬ ಐದು ಭಾರತೀಯ ಭಾಷೆಗಳ ಪುಸ್ತಕಗಳಿಗೆ ಎಡೆಗೊಟ್ಟಾಗ ಕನ್ನಡವು ಆ ಪಂಕ್ತಿಯಲ್ಲಿರಲಿಲ್ಲ. ಇದಕ್ಕಾಗಿ ಪರರನ್ನು ದೂರುತ್ತ ಕುಳಿತರೆ ಪ್ರಯೋಜನವಿಲ್ಲ. ನಾವು ಫಲಕಕ್ಕೆ ತುಂಬುತ್ತಿರುವುದಾದರೂ ಏನು? ಬಹುಪಾಲು ಹಳೆಯ ಪುಸ್ತಕಗಳ ಪುಟಚಿತ್ರಗಳು. ಅದು ಛಾಯಾಚಿತ್ರವೇ ಹೊರತು ಪಾಠವಲ್ಲ. ಚಿತ್ರವನ್ನು ಹಿಗ್ಗಿಸಿದರೆ ಸಾಲಿನ ಅರ್ಧ ಅಂಚಿನಾಚೆ ಓಡುತ್ತದೆ; ಕುಗ್ಗಿಸಿದರೆ ಒತ್ತಕ್ಷರಗಳು ಚುಕ್ಕೆಗಳಾಗುತ್ತವೆ. ಹಳೆಯ ನುಡಿ ಲಿಪಿಯಲ್ಲಿ ಬೆರಳಚ್ಚಾದ ಕಡತವನ್ನು ಹಾಗೆಯೇ ಇಟ್ಟರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ ಕಾಣುತ್ತದೆ.

ಯೂನಿಕೋಡ್ ಅಕ್ಷರಗಳಲ್ಲಿ ಬೆರಳಚ್ಚು ಮಾಡಿ, ಇ-ಪಬ್ ಎಂಬ ರೂಪಕ್ಕೆ ತಂದು, ಕನ್ನಡ ಲಿಪಿಯನ್ನೂ ಅದರೊಳಗೆ ಅಡಕಗೊಳಿಸಿದ ಪುಸ್ತಕವೊಂದೇ ಫಲಕದ ಅಗಲಕ್ಕೆ ತಕ್ಕಂತೆ ತಾನೇ ಸಾಲು ಮುರಿದುಕೊಂಡು ಓದುಗನಿಗೆ ಒಲಿಯುತ್ತದೆ. ಬೇಕಾದ ಪದವನ್ನು ಕ್ಷಣದಲ್ಲಿ ಹುಡುಕಿಕೊಡುತ್ತದೆ. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಪದಶೋಧನೆಗೆ ಅವಕಾಶ ಕಲ್ಪಿಸಿರುವ ವಚನ ಸಂಚಯವು ಅಕ್ಷರಪಾಠದ ಈ ಶಕ್ತಿಗೆ ನಿದರ್ಶನ.

ಈ ಕಾರ್ಯಕ್ಕೆ ಮೇಲ್ಪಂಕ್ತಿ ನಮ್ಮಲ್ಲೇ ಉಂಟು. ಡಾ. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಸಂಗ್ರಹಿಸಿ ಪೂಜಿಸುತ್ತ ಕೂರಲಿಲ್ಲ. ಪಾಠವನ್ನು ಸಿದ್ಧಗೊಳಿಸಿ ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ೧೯೨೫ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ, ಮರುವರ್ಷ 'ಶಿವಾನುಭವ' ಪತ್ರಿಕೆಯನ್ನೂ ಆರಂಭಿಸಿದರು. ಅವರು ಲಿಂಗೈಕ್ಯರಾದುದು ೧೯೬೪ರಲ್ಲಿ. ಲೇಖಕನ ಮರಣಾನಂತರ ೬೦ ವರ್ಷಗಳಿಗೆ ಗ್ರಂಥಸ್ವಾಮ್ಯ ಮುಗಿಯುವುದೆಂಬ ನಮ್ಮ ದೇಶದ ಕಾನೂನಿನ ಪ್ರಕಾರ, ಅವರ ಜೀವಿತಕಾಲದಲ್ಲಿ ಅಚ್ಚಾದ ಅವರ ಸ್ವಂತ ಬರಹಗಳು ೨೦೨೫ರ ಜನವರಿ ೧ರಿಂದ ಸರ್ವರ ಸ್ವತ್ತಾಗಿವೆ. ಅನಂತರದ ಸಂಪಾದಕರ ಪ್ರಸ್ತಾವನೆ, ಟಿಪ್ಪಣಿಗಳಿಗೆ ಬೇರೆ ಹಕ್ಕುಂಟಾದ್ದರಿಂದ ಅವುಗಳನ್ನು ಮುಟ್ಟದೆ ಹಳೆಯ ಮುದ್ರಣವನ್ನೇ ಆಧರಿಸುವುದು ಕ್ಷೇಮ.

ಇಲ್ಲಿ ನನ್ನ ಸಲಹೆ ಇಷ್ಟೇ. ಫಲಕಗಳನ್ನು ಕೊಡುವ ದಾನಿಯು ಅವುಗಳ ಬೆಲೆಯಷ್ಟೇ ಹಣವನ್ನು ಬೆರಳಚ್ಚಿಗೂ ಕರಡು ತಿದ್ದುವುದಕ್ಕೂ ತೆಗೆದಿರಿಸಲಿ. ವರ್ಷಕ್ಕೊಂದು ಹಕ್ಕುಮುಕ್ತ ಗ್ರಂಥವನ್ನು ಅಧ್ಯಾಪಕರು ಆರಿಸಲಿ. ಪ್ರೌಢಶಾಲೆಯ ಮಕ್ಕಳು ಇಬ್ಬಿಬ್ಬರಾಗಿ ಕುಳಿತು, ಒಬ್ಬರು ಅಚ್ಚಿನ ಪುಟವನ್ನು ಗಟ್ಟಿಯಾಗಿ ಓದುತ್ತ, ಇನ್ನೊಬ್ಬರು ಫಲಕದ ಪಾಠವನ್ನು ನೋಡುತ್ತ ಹೋಲಿಸಲಿ. ಯಂತ್ರವು 'ಪ'ಕಾರವನ್ನು 'ಷ'ಕಾರವೆಂದೂ, 'ಘ'ಕಾರವನ್ನು 'ಫ'ಕಾರವೆಂದೂ, ಅನುಸ್ವಾರವನ್ನು ಅಂಕೆಯ ಸೊನ್ನೆಯೆಂದೂ ಭ್ರಮಿಸುವುದುಂಟು. ಆ ಭ್ರಮೆಯನ್ನು ಹಿಡಿಯಬಲ್ಲ ಬಾಲಕನಿಗೆ ಕಾಗುಣಿತವನ್ನು ಮತ್ತೆ ಕಲಿಸಬೇಕಾಗಿಲ್ಲ. ಜರಗನಹಳ್ಳಿಯ ಸುತ್ತಣ ಬಡಾವಣೆಗಳಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ರೂಪಾಂತರದ ಹೊಣೆ ಹೊತ್ತರೆ, ಸಿದ್ಧವಾದ ಗ್ರಂಥವನ್ನು ನಾಡಿನ ಯಾವ ಶಾಲೆಗಾದರೂ ಉಚಿತವಾಗಿ ಕಳುಹಬಹುದು.

ಅಚ್ಚಿನ ಪುಸ್ತಕವಿರುವಾಗ ಇದೆಲ್ಲ ಏಕೆಂದು ಹಿರಿಯರು ಕೇಳಬಹುದು. ಅಚ್ಚಿನ ಪುಸ್ತಕ ಇರಲಿ, ಇರಲೇಬೇಕು. ಆದರೆ ಮರುಮುದ್ರಣ ಕಾಣದ ಗ್ರಂಥದ ಒಂದೇ ಪ್ರತಿ ಬೀರುವಿನಲ್ಲಿ ಸೆರೆಯಾಗಿರುವಾಗ ನಲವತ್ತು ಮಕ್ಕಳ ತರಗತಿಗೆ ಅದು ಇದ್ದೂ ಇಲ್ಲದಂತೆ. ಕೊಂಡ ಯಂತ್ರವು ಕೆಲವು ವರ್ಷಗಳಲ್ಲಿ ಹಳತಾಗಿ ಮೂಲೆ ಸೇರುತ್ತದೆ. ಶುದ್ಧವಾದ ಪಾಠವಾದರೋ ಮುಂದೆ ಬರುವ ಯಂತ್ರಕ್ಕೂ ಸಲ್ಲುತ್ತದೆ. ದಾನಿಗಳು ಯಂತ್ರದ ಪೆಟ್ಟಿಗೆಯ ಮೇಲೆ ತಮ್ಮ ಹೆಸರನ್ನು ಬರೆಸುವುದಕ್ಕಿಂತ, ತಿದ್ದಿ ಸಿದ್ಧಪಡಿಸಿದ ಒಂದು ಕನ್ನಡ ಗ್ರಂಥದ ಮೊದಲ ಪುಟದಲ್ಲಿ ಬರೆಸಲಿ ಎಂಬುದು ನನ್ನ ಸವಿನಯ ಬಿನ್ನಹ.