ಕಂತಿನ ಸಹಾಯಧನಕ್ಕೆ ಬದಲಾಗಿ ಇಡಿಗಂಟು: ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಭಾಗದ ರೈತರ ಮನವಿ ಪತ್ರ

ಇವರಿಗೆ:
ಸರ್ಕಾರದ ಕಾರ್ಯದರ್ಶಿಗಳು, ಕೃಷಿ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು

ಮೂಲಕ:
ಮಾನ್ಯ ಜಿಲ್ಲಾಧಿಕಾರಿಗಳು, ವಿಜಯನಗರ ಮತ್ತು ಬಳ್ಳಾರಿ ಜಿಲ್ಲೆಗಳು

ವಿಷಯ: ಪಿ.ಎಂ. ಕಿಸಾನ್ ಯೋಜನೆಯಲ್ಲಿ ನಿಂತುಹೋದ ಕಂತುಗಳನ್ನು ಒಂದೇ ಬಾರಿಗೆ ಪಾವತಿಸುವುದು ಹಾಗೂ ವಾರ್ಷಿಕ ಸಹಾಯಧನದ ಬದಲು ಇಡಿಗಂಟು ಪಡೆಯುವ ಆಯ್ಕೆಯನ್ನು ರೈತರಿಗೆ ನೀಡುವ ಕುರಿತು.

ಮಾನ್ಯರೇ,

ಪಹಣಿಯಲ್ಲಿ ಹೆಸರಿದ್ದ ರೈತ ತೀರಿಕೊಂಡ ದಿನದಿಂದ ಆ ಕುಟುಂಬಕ್ಕೆ ಬರುತ್ತಿದ್ದ ಸಹಾಯಧನ ನಿಲ್ಲುತ್ತದೆ. ವಾರಸುದಾರರ ಹೆಸರಿಗೆ ಪೌತಿ ಖಾತೆ, ಅಂದರೆ ಮರಣಾನಂತರದ ಹಕ್ಕು ಬದಲಾವಣೆ, ಆಗುವವರೆಗಿನ ಕಂತುಗಳು ಮನವಿದಾರರ ಪ್ರಕರಣಗಳಲ್ಲಿ ಇದುವರೆಗೆ ಯಾರ ಕೈಗೂ ಸೇರಿಲ್ಲ. ಈ ಮನವಿ ಹುಟ್ಟಿದ್ದು ಇದರಿಂದಲೇ. ಇದೇ ವಿಷಯವಾಗಿ ಹಿಂದೆ ಸಂಬಂಧಿಸಿದ ಕಚೇರಿಗಳಿಗೆ ಕೊಟ್ಟ ಅರ್ಜಿಗಳಿಗೆ ಸ್ವೀಕೃತಿಯ ಮುದ್ರೆ ಬಿದ್ದಿದೆಯೇ ಹೊರತು ಒಂದು ಸಾಲಿನ ಉತ್ತರವೂ ಬಂದಿಲ್ಲವಾದ್ದರಿಂದ, ಮನವಿದಾರರು ಈಗ ನೇರವಾಗಿ ಇಲಾಖೆಯ ಮುಂದೆ ಬಂದಿದ್ದಾರೆ.

ಇಲಾಖೆಗೆ ತಿಳಿದಿರುವಂತೆ, 2019ರ ಫೆಬ್ರುವರಿ 24ರಂದು ಉದ್ಘಾಟನೆಗೊಂಡು 2018ರ ಡಿಸೆಂಬರ್ 1ರಿಂದ ಪೂರ್ವಾನ್ವಯವಾದ ಪಿ.ಎಂ. ಕಿಸಾನ್ ಯೋಜನೆಯಲ್ಲಿ ಭೂಮಿ ಹೊಂದಿದ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ನಾಲ್ಕು ತಿಂಗಳಿಗೊಮ್ಮೆ 2,000 ರೂಪಾಯಿಯಂತೆ, ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. 2019ರ ಫೆಬ್ರುವರಿ 1ರ ನಂತರ ಭೂಮಿ ಪಡೆದವರನ್ನು ಯೋಜನೆ ಹೊರಗಿಟ್ಟಿದ್ದರೂ ವಾರಸಿನಿಂದ ಬಂದ ಭೂಮಿಗೆ ವಿನಾಯಿತಿ ಕೊಟ್ಟಿದೆ. ಹೀಗೆ ನಿಯಮವೇ ವಾರಸುದಾರರ ಹಕ್ಕನ್ನು ಒಪ್ಪಿಕೊಂಡಿರುವಾಗ, ಕಾಗದ ಕಚೇರಿಯಲ್ಲಿ ಕುಳಿತಿದ್ದ ಅವಧಿಯ ಹಣ ಯಾವ ನ್ಯಾಯದಿಂದ ಕಳೆದುಹೋಗುತ್ತದೆ ಎಂಬುದಕ್ಕೆ ವಿವರಣೆ ಬೇಕಾಗಿದೆ.

ಅನುಬಂಧ 1ರಲ್ಲಿ ಲಗತ್ತಿಸಿದ ಕಡತಗಳ ಪೈಕಿ ಮೊದಲನೆಯದು ಕಂಪ್ಲಿ ತಾಲ್ಲೂಕಿನ ಒಬ್ಬ ವಿಧವೆಯದು. ಅದರಲ್ಲಿ ಗಂಡನ ಮರಣ ಪ್ರಮಾಣಪತ್ರ, ವಂಶವೃಕ್ಷ, ಮ್ಯುಟೇಶನ್ ಪ್ರತಿ, ಎಫ್‌ಐಡಿ ಎಂದು ಕರೆಯುವ ಫ್ರೂಟ್ಸ್ ತಂತ್ರಾಂಶದ ರೈತ ಗುರುತಿನ ಸಂಖ್ಯೆಗೆ ಕೊಟ್ಟ ಅರ್ಜಿ, ಇ-ಕೆವೈಸಿ ಮಾಡಿಸಿದ ರಸೀದಿ ಹಾಗೂ ಎರಡೂ ಖಾತೆಗಳ ಪಾಸ್‌ಬುಕ್ ಪುಟಗಳಿವೆ. ಗಂಡನ ಪಾಸ್‌ಬುಕ್ಕಿನಲ್ಲಿ 2,000 ರೂಪಾಯಿಯ ನಮೂದು ನಿಂತ ಸಾಲನ್ನೂ ಹೆಂಡತಿಯ ಪಾಸ್‌ಬುಕ್ಕಿನಲ್ಲಿ ಅದೇ ನಮೂದು ಮೊದಲ ಬಾರಿ ಕಾಣಿಸಿಕೊಂಡ ಸಾಲನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಡುವಿನ ನಷ್ಟ ಯಾರ ವಿವರಣೆಯೂ ಇಲ್ಲದೆ ತಿಳಿಯುತ್ತದೆ. ಅಷ್ಟರಲ್ಲಿ ಸ್ವೀಕೃತಿ ಚೀಟಿಗಳ ಮೇಲಿನ ಅಕ್ಷರಗಳೇ ಮಾಸಿಹೋಗಿವೆ. ಆ ಅವಧಿಯಲ್ಲೂ ಆಕೆ ಅದೇ ಗದ್ದೆಯಲ್ಲಿ ನಾಟಿ ಮಾಡಿಸಿದ್ದಾಳೆ, ಅದೇ ಗೊಬ್ಬರಕ್ಕೆ ಸಾಲ ತಂದಿದ್ದಾಳೆ. ಸತ್ತವನ ಹೆಸರನ್ನು ಪಟ್ಟಿಯಿಂದ ತೆಗೆಯುವಾಗ ಕಂಡ ಚುರುಕು, ಬದುಕಿರುವವಳ ಹೆಸರನ್ನು ಸೇರಿಸುವಾಗ ಏಕೆ ಕಾಣುವುದಿಲ್ಲ ಎಂದು ಮನವಿದಾರರು ಗೌರವಪೂರ್ವಕವಾಗಿ, ಆದರೆ ನೊಂದು, ಕೇಳುತ್ತಿದ್ದಾರೆ. ಪಹಣಿಯ 9ನೇ ಕಾಲಂನಲ್ಲಿ ಇಂದಿಗೂ ಅಜ್ಜನ ಹೆಸರೇ ಉಳಿದಿರುವ ಕುಟುಂಬಗಳ ಕಡತಗಳೂ ಅದೇ ಅನುಬಂಧದಲ್ಲಿವೆ. ಅವರಿಗೆ ಯೋಜನೆಯ ಮೊದಲ ಕಂತೂ ತಲುಪಿಲ್ಲ. ಈ ಎಲ್ಲ ಪ್ರಕರಣಗಳಲ್ಲಿ ಖಾತೆ ಬದಲಾದ ಕೂಡಲೇ ಹಿಂದಿನ ಬಾಕಿಯನ್ನೆಲ್ಲ ಒಂದೇ ಮೊತ್ತವಾಗಿ ಪಾವತಿಸಬೇಕೆಂಬುದು ಮನವಿದಾರರ ಪ್ರಥಮ ಬೇಡಿಕೆಯಾಗಿದೆ.

ಹಕ್ಕು ಇಷ್ಟು ದುರ್ಬಲವಾಗಿರುವುದಕ್ಕೆ ಕಾರಣ ಅದು ಕಂತು ಕಂತಾಗಿ ಬರುವುದೇ ಆಗಿರುವುದರಿಂದ, ಇಚ್ಛೆಯುಳ್ಳ ರೈತರಿಗೆ ಮುಂದಿನ ವರ್ಷಗಳ ಸಹಾಯಧನವನ್ನು ಇಡಿಗಂಟಾಗಿ, ಅಂದರೆ ಒಂದೇ ಸಲದ ಪೂರ್ಣ ಮೊತ್ತವಾಗಿ, ಕೊಡುವ ಆಯ್ಕೆ ಇರಬೇಕೆಂದು ಮನವಿದಾರರು ಕೋರುತ್ತಾರೆ. ಮುಂದೆ ಬರಲಿರುವ ಹಣವನ್ನು ಬಡ್ಡಿ ಕಳೆದು ಇವತ್ತಿನ ಲೆಕ್ಕಕ್ಕೆ ತಂದರೆ ಸಿಗುವ ಮೊತ್ತವನ್ನು ಇಂದಿನ ಮೌಲ್ಯ ಎನ್ನುತ್ತಾರೆ. ಶೇಕಡಾ 7ರ ಬಡ್ಡಿಯಲ್ಲಿ, ವರ್ಷಕ್ಕೆ 6,000 ರೂಪಾಯಿಯಂತೆ 20 ವರ್ಷ ಬರುವ ಹಣದ ಇಂದಿನ ಮೌಲ್ಯ ಸುಮಾರು 63,500 ರೂಪಾಯಿ. ಮುಂದೆ ಹೇಳುವ ಹಂಪಿಯ ಪ್ರಕರಣವನ್ನು ಬಿಟ್ಟರೆ, ಮನವಿದಾರರು ಕೇಳುತ್ತಿರುವುದು 20 ವರ್ಷಗಳ ಹಕ್ಕಿಗೆ ಬದಲಾಗಿ 60,000 ರೂಪಾಯಿಯನ್ನು ಮಾತ್ರವಾದ್ದರಿಂದ, ಈ ಲೆಕ್ಕದಲ್ಲಿ ಖಜಾನೆಗೆ ಹೊರೆಯಿಲ್ಲ. ಮೊತ್ತ ಪಡೆದ ರೈತ ನಡುವೆ ತೀರಿಕೊಂಡರೆ ವಾರಸುದಾರರಿಂದ ಅದನ್ನು ವಸೂಲಿ ಮಾಡಬಾರದು ಎಂಬ ಷರತ್ತೂ ಅದರೊಂದಿಗಿರಬೇಕು.

ಇಂತಹ ಆಯ್ಕೆ ಈ ದೇಶದ ಕಾನೂನಿಗೆ ಹೊಸದಲ್ಲ. 2013ರ ಭೂಸ್ವಾಧೀನ ಕಾಯ್ದೆಯ ಎರಡನೇ ಅನುಸೂಚಿಯು ಭೂಮಿ ಕಳೆದುಕೊಂಡ ಕುಟುಂಬಕ್ಕೆ ಉದ್ಯೋಗ, ಇಲ್ಲವೇ ಒಂದೇ ಬಾರಿಗೆ 5 ಲಕ್ಷ ರೂಪಾಯಿ, ಇಲ್ಲವೇ 20 ವರ್ಷಗಳವರೆಗೆ ತಿಂಗಳಿಗೆ 2,000 ರೂಪಾಯಿಗೆ ಕಡಿಮೆಯಿಲ್ಲದ ವರ್ಷಾಶನ ಎಂಬ ಮೂರು ದಾರಿಗಳನ್ನು ಮುಂದಿಟ್ಟಿದೆ. ಸರ್ಕಾರಿ ನೌಕರರು ನಿವೃತ್ತಿಯ ವೇಳೆ ಪಿಂಚಣಿಯ ಒಂದು ಭಾಗವನ್ನು ಪರಿವರ್ತಿಸಿ ಒಟ್ಟಾಗಿ ಪಡೆಯುತ್ತಾರೆ, 15 ವರ್ಷಗಳ ನಂತರ ಆ ಭಾಗ ಪುನಃ ಆರಂಭವಾಗುತ್ತದೆ. ಈ ಕಡತವನ್ನು ಪರಿಶೀಲಿಸುವ ಅಧಿಕಾರಿಗಳಿಗೆ ಇರುವ ಅನುಕೂಲವನ್ನು ಅವರಿಗೆ ಅನ್ನ ಬೆಳೆಯುವವರಿಗೆ ನಿರಾಕರಿಸಲು ಕಾರಣ ಕಾಣುವುದಿಲ್ಲ. ಇಂಗ್ಲೆಂಡ್ 2022ರಲ್ಲಿ ವಾರ್ಷಿಕ ಸಹಾಯಧನದ ಸರಾಸರಿಯ 2.35 ಪಟ್ಟನ್ನು ಒಮ್ಮೆಲೇ ಕೊಡುವ ಯೋಜನೆ ತಂದಿತು; ಆದರೆ ಅದನ್ನು ಪಡೆದವರು ಬೇಸಾಯವನ್ನೇ ಬಿಟ್ಟು ಭೂಮಿಯನ್ನು ಬೇರೆಯವರಿಗೆ ಒಪ್ಪಿಸಬೇಕಿತ್ತು. ಆ ಷರತ್ತನ್ನು ಮನವಿದಾರರು ಸ್ಪಷ್ಟವಾಗಿ ತಿರಸ್ಕರಿಸುತ್ತಾರೆ. ಅವರಿಗೆ ಇಡಿಗಂಟು ಬೇಕಿರುವುದು ಹೊಲದಲ್ಲೇ ಉಳಿಯುವುದಕ್ಕಾಗಿ.

ಸಂಡೂರಿನ ಮಳೆಯಾಶ್ರಿತ ಹೊಲಗಳಲ್ಲಿ ಇದರ ಅಗತ್ಯ ಎದ್ದು ಕಾಣುತ್ತದೆ. ಕೃಷಿ ಭಾಗ್ಯ ಯೋಜನೆಯಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇಕಡಾ 80, ಪರಿಶಿಷ್ಟರಿಗೆ ಶೇಕಡಾ 90ರ ಸಹಾಯಧನವಿದ್ದರೂ ಕೃಷಿ ಹೊಂಡ ತೋಡಿಸಲು ರೈತನ ಪಾಲನ್ನು ಅವನೇ ಹೊಂದಿಸಬೇಕು. ನಾಲ್ಕು ತಿಂಗಳಿಗೊಮ್ಮೆ ಬರುವ 2,000 ರೂಪಾಯಿ ಬಿತ್ತನೆ ಬೀಜದ ಅಂಗಡಿಯ ಹಳೆಯ ಬಾಕಿಗೆ ಹೋಗುತ್ತದೆಯೇ ವಿನಾ ಬಂಡವಾಳವಾಗುವುದಿಲ್ಲ. ಅಚ್ಚುಕಟ್ಟಿನಲ್ಲಿ ತೊಂದರೆ ಇನ್ನೊಂದು ಬಗೆಯದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತು. 2025ರಲ್ಲಿ ಎಲ್ಲ 33 ಗೇಟುಗಳ ಬದಲಾವಣೆಗಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದಾಯಿತು. ನೀರಿದ್ದ ವರ್ಷವೂ 6,000, ನೀರಿಲ್ಲದ ವರ್ಷವೂ 6,000 ಎಂಬ ವ್ಯವಸ್ಥೆಗಿಂತ, ಕಷ್ಟದ ವರ್ಷದಲ್ಲಿ ಇಡಿಗಂಟನ್ನು ಎತ್ತಿಕೊಳ್ಳುವ ಅವಕಾಶವಿದ್ದಿದ್ದರೆ ಕಾಲುವೆಯ ಕೆಳಭಾಗದ ರೈತರು ಕೈಸಾಲಕ್ಕೆ ಅಲೆಯಬೇಕಿರಲಿಲ್ಲ.

ಪಿ.ಎಂ. ಕಿಸಾನ್ ಕೇಂದ್ರದ ಯೋಜನೆ ಎಂಬ ಉತ್ತರ ಬರಬಹುದೆಂಬುದು ಮನವಿದಾರರಿಗೆ ಗೊತ್ತಿದೆ. ಕೇಂದ್ರಕ್ಕೆ ಶಿಫಾರಸು ಮಾಡಲು ಯಾವ ಅಡ್ಡಿಯೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, 2019ರಲ್ಲಿ ರಾಜ್ಯ ಸರ್ಕಾರ ತನ್ನ ಪಾಲೆಂದು ಸೇರಿಸಿದ್ದ ವಾರ್ಷಿಕ 4,000 ರೂಪಾಯಿಯನ್ನು 2023ರಲ್ಲಿ ನಿಲ್ಲಿಸಿದ್ದು ರಾಜ್ಯದ್ದೇ ತೀರ್ಮಾನ. ಆ ಹಣವನ್ನು ಮತ್ತೆ ಕಂತುಗಳಲ್ಲಿ ಕೊಡುವ ಬದಲು, ಇಡಿಗಂಟಿನ ಮೊದಲ ಪ್ರಯೋಗವಾಗಿ ಈ ತಾಲ್ಲೂಕುಗಳಲ್ಲೇ ಐದು ವರ್ಷಗಳ 20,000 ರೂಪಾಯಿಯನ್ನು ಒಟ್ಟಿಗೆ ಕೊಡಬಹುದು. ಕಿಸಾನ್ ಮಾನ್‌ಧನ್ ಪಿಂಚಣಿಗೆ ಸೇರಲು 40 ವರ್ಷವೇ ಗರಿಷ್ಠ ವಯಸ್ಸಾದ್ದರಿಂದ, ಅದರ ಹೊರಗುಳಿದ ಹಿರಿಯ ರೈತರಿಗೆ ಇದರಲ್ಲಿ ಆದ್ಯತೆ ಸಿಗಬೇಕು.

ಇದರೊಂದಿಗೆ ಇನ್ನು ಕೆಲವು ಅಂಶಗಳನ್ನೂ ಪರಿಗಣಿಸಬೇಕಾಗಿ ವಿನಂತಿ. ಹಿಂದಿನ ಒಂದು ವರ್ಷ ಆದಾಯ ತೆರಿಗೆ ಕಟ್ಟಿದ ಕಾರಣಕ್ಕೆ ಹೊರಗುಳಿದ, ಅದಿರು ಲಾರಿ ಇಟ್ಟುಕೊಂಡಿದ್ದ ಸಂಡೂರಿನ ರೈತರನ್ನು, ಲಾರಿ ಮಾರಿದ ನಂತರವಾದರೂ ಮರುಸೇರ್ಪಡೆ ಮಾಡಬೇಕು. ಅಣ್ಣತಮ್ಮಂದಿರ ನಡುವಿನ ನೋಂದಾಯಿತ ವಿಭಾಗ ಪತ್ರವನ್ನು ವಾರಸಿನಂತೆಯೇ ಕಾಣಬೇಕು. ಹಂಪಿಯ ಪಾರಂಪರಿಕ ಪ್ರದೇಶದಲ್ಲಿ ಭೂಮಿಯ ಬಳಕೆಗೆ ನಿರ್ಬಂಧಗಳಿರುವುದರಿಂದ ಅಲ್ಲಿನ ಬಾಳೆ ತೋಟದವರಿಗೆ 60,000ದ ಬದಲು 90,000 ರೂಪಾಯಿ ನಿಗದಿಪಡಿಸಬೇಕು. ಗುತ್ತಿಗೆಗೆ ಭತ್ತ ಬೆಳೆಯುವವರಿಗೆ ಇಂದು ಕಂತೂ ಇಲ್ಲ. ಒಡಿಶಾದ ಕಾಲಿಯಾ ಯೋಜನೆ ಗೇಣಿದಾರರನ್ನೂ ಒಳಗೊಂಡಿತ್ತೆಂಬುದನ್ನು ಇಲಾಖೆ ನೋಡಬೇಕು.

ಮೇಲಿನ ಬೇಡಿಕೆಗಳಲ್ಲಿ ನೀತಿಯ ತೀರ್ಮಾನ ಬೇಕಾದವುಗಳಿಗೆ ಕಾಲಾವಕಾಶ ಬೇಕೆಂಬುದನ್ನು ಮನವಿದಾರರು ಒಪ್ಪುತ್ತಾರೆ. ಆದರೆ ಅನುಬಂಧ 1ರಲ್ಲಿ ಈಗಾಗಲೇ ಖಾತೆ ಬದಲಾಗಿರುವ ಪ್ರಕರಣಗಳಿಗೆ ಹೊಸ ನೀತಿ ಬೇಕಿಲ್ಲ, ದಾಖಲೆಗಳೂ ಪೂರ್ಣವಾಗಿವೆ. ಮುಂದಿನ ಕಂತು ಬಿಡುಗಡೆಯಾಗುವುದರೊಳಗೆ ಅವುಗಳ ಬಾಕಿಯನ್ನು ಪಾವತಿಸಬೇಕು. ಆಗದಿದ್ದಲ್ಲಿ ಪ್ರತಿ ಪ್ರಕರಣಕ್ಕೂ ಪ್ರತ್ಯೇಕವಾಗಿ, ಕಾರಣ ಸಹಿತ ಮತ್ತು ಸಹಿ ಸಹಿತ, ಕನ್ನಡದಲ್ಲಿ ಲಿಖಿತ ಹಿಂಬರಹ ನೀಡಬೇಕು.

ಸ್ಥಳ: ಹೊಸಪೇಟೆ
ಮನವಿದಾರ ರೈತರ ಸಹಿಗಳು
ಲಗತ್ತು: ಅನುಬಂಧ 1