ಗೋಡೆಗೆ ಅಂಟಿಸಿದ ನಕ್ಷೆಯ ಮೇಲೆ ಮಳೆ ಸುರಿಯುವುದಿಲ್ಲ

ವಾಸ್ತುಶಿಲ್ಪ ಕಾಲೇಜುಗಳಲ್ಲಿ ‘ಜ್ಯೂರಿ’ ಎಂಬ ಪದ್ಧತಿಯೊಂದು ರೂಢಿಯಲ್ಲಿದೆ. ವಿದ್ಯಾರ್ಥಿಗಳು ವಾರಗಟ್ಟಲೆ ನಿದ್ದೆಗೆಟ್ಟು ಸಿದ್ಧಪಡಿಸಿದ ನಕ್ಷೆಗಳನ್ನು ಗೋಡೆಗೆ ಅಂಟಿಸಿ, ರಟ್ಟಿನ ಮಾದರಿಯನ್ನು ಮೇಜಿನ ಮೇಲಿಟ್ಟು ನಿಲ್ಲುತ್ತಾರೆ. ಅಧ್ಯಾಪಕರೂ ಹೊರಗಿನಿಂದ ಬಂದ ವಾಸ್ತುಶಿಲ್ಪಿಗಳೂ ಅವುಗಳನ್ನು ಪರಾಮರ್ಶಿಸುತ್ತಾರೆ. ಟೀಕೆಯನ್ನು ಕೇಳಿಸಿಕೊಂಡ ವಿದ್ಯಾರ್ಥಿಗಳು ತಿದ್ದಿಕೊಂಡು ಮರಳಿ ಬರುತ್ತಾರೆ. ಈ ಪದ್ಧತಿಯ ಬೇರು ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್ ಎಂಬ ಕಲಾಶಾಲೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ತೀರ್ಪುಗಾರರು ಮುಚ್ಚಿದ ಬಾಗಿಲ ಹಿಂದೆ ಕುಳಿತು ನಿರ್ಣಯಿಸುತ್ತಿದ್ದರು. ವಿದ್ಯಾರ್ಥಿಗೇ ಒಳಗೆ ಪ್ರವೇಶವಿರಲಿಲ್ಲ. ಇಂದು ವಿದ್ಯಾರ್ಥಿಗೆ ಬಾಗಿಲು ತೆರೆದಿದೆ. ಆ ಕಟ್ಟಡದಲ್ಲಿ ಕುಳಿತು ಓದಬೇಕಾದವರಿಗೆ ಇನ್ನೂ ತೆರೆದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ನಗರದ ಕಾಲೇಜೊಂದರ ವಿದ್ಯಾರ್ಥಿಗಳು ನಮ್ಮ ಸೀಮೆಯ ಹಳ್ಳಿಯೊಂದಕ್ಕೆ ಗ್ರಂಥಾಲಯವನ್ನು ವಿನ್ಯಾಸಗೊಳಿಸುವ ಅಭ್ಯಾಸ ಕೈಗೊಂಡಿದ್ದರು. ಅವರ ಮೊದಲ ನಕ್ಷೆ ಸಾಧಾರಣವಾಗಿತ್ತು: ಇಳಿಜಾರು ಮಾಡು, ಮೂರು ಸುತ್ತ ಜಗಲಿ, ಎತ್ತರದ ಜಂಬಿಟ್ಟಿಗೆಯ ಪಾಯ. ಇದರಲ್ಲಿ ಹೊಸ ಕಲ್ಪನೆಯಿಲ್ಲ ಎಂಬ ಅಭಿಪ್ರಾಯ ಜ್ಯೂರಿಯಲ್ಲಿ ಬಂದಿತಂತೆ. ವಿದ್ಯಾರ್ಥಿಗಳು ಶ್ರದ್ಧೆಯಿಂದ ತಿದ್ದಿದರು. ಮಾಡು ಹೋಗಿ ಚಪ್ಪಟೆ ತಾರಸಿ ಬಂತು. ಕಣಿವೆಯ ನೋಟ ಓದುಗರಿಗೆ ದಕ್ಕಲೆಂದು ನೈರುತ್ಯಕ್ಕೆ ನೆಲದಿಂದ ತಾರಸಿಯವರೆಗೆ ಗಾಜಿನ ಗೋಡೆ ಬಂತು. ಕಟ್ಟಡವನ್ನು ಕೂರಿಸಲು ಗುಡ್ಡದ ಬುಡವನ್ನು ಕಡಿದು ಸಮತಟ್ಟು ಮಾಡುವ ಗೆರೆ ಮೂಡಿತು. ತಿದ್ದಿದ ನಕ್ಷೆ ಮೆಚ್ಚುಗೆ ಗಳಿಸಿತು. ಈಗ ಅದು ಕೊಡುಗೆಯ ರೂಪದಲ್ಲಿ ಗ್ರಾಮ ಪಂಚಾಯಿತಿಯ ಮೇಜನ್ನು ತಲುಪಿದೆ. ಕಾಗದದ ಮೇಲಿನ ಅಭ್ಯಾಸವಾಗಿಯೇ ಉಳಿದಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ.

ನೈರುತ್ಯವೆಂದರೆ ನಮಗೆ ಮುಂಗಾರು ಬರುವ ದಿಕ್ಕು. ಬೆಂಗಳೂರಿನಲ್ಲಿ ವರ್ಷಕ್ಕೆ 1,000 ಮಿಲಿಮೀಟರಿನ ಆಸುಪಾಸು ಮಳೆಯಾದರೆ, ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿಲಿಮೀಟರನ್ನು ಮೀರುತ್ತದೆ. ಆ ಮಳೆಯು ನೆಟ್ಟಗೆ ಬೀಳುವುದಿಲ್ಲ; ಗಾಳಿಯೊಡನೆ ಓರೆಯಾಗಿ ಬಂದು ಎರಚುತ್ತದೆ. ನಮ್ಮ ಹಿರಿಯರು ಸೂರನ್ನು ತಗ್ಗಿಸಿದ್ದು, ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದ್ದು ಈ ಎರಚಲಿಗಾಗಿ. ಚಪ್ಪಟೆ ತಾರಸಿಯ ಕುರಿತು ಮಲೆನಾಡಿಗರ ವಿಮರ್ಶೆ ಏನೆಂದು ತಿಳಿಯಬೇಕಾದವರು ಯಾವುದೇ ಊರಿನ ರಸ್ತೆಯಲ್ಲಿ ನಡೆದು ನೋಡಲಿ. ಆಸೆಪಟ್ಟು ಕಟ್ಟಿಸಿದ ತಾರಸಿಯ ಮೇಲೆ ನಾಲ್ಕಾರು ಮಳೆಗಾಲಗಳ ಬಳಿಕ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಮಾಡು ಹೊದೆಸಿರುವುದು ಮನೆಮನೆಯಲ್ಲೂ ಕಾಣುತ್ತದೆ. ಅದು ಸ್ವಂತ ಹಣ ತೆತ್ತು ಬರೆದ ತೀರ್ಪು. ಅದನ್ನು ಓದಲು ಬಾರದ ಜ್ಯೂರಿ ನಮ್ಮೂರಿನ ಕಟ್ಟಡಕ್ಕೆ ಹೇಗೆ ತೀರ್ಪು ನೀಡೀತು?

ಇನ್ನು ಪುಸ್ತಕದ ವಿಚಾರ. ನಾನು ಕೃಷಿವಿಜ್ಞಾನದ ವಿದ್ಯಾರ್ಥಿ. ಗ್ರಂಥಾಲಯವನ್ನು ಕಣಜದ ಕಣ್ಣಿನಿಂದ ನೋಡುತ್ತೇನೆ. ಧಾನ್ಯದಂತೆಯೇ ಕಾಗದವೂ ಸುತ್ತಲಿನ ಗಾಳಿಯ ತೇವವನ್ನು ಹೀರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 65-70ನ್ನು ದಾಟಿ ಹಲವು ದಿನ ನಿಂತರೆ ಎರಡಕ್ಕೂ ಬೂಷ್ಟು ಹಿಡಿಯುತ್ತದೆ. ನಮ್ಮ ಆಷಾಢ ಶ್ರಾವಣಗಳಲ್ಲಿ ಅದು ವಾರಗಟ್ಟಲೆ ಶೇ. 85ಕ್ಕಿಂತ ಮೇಲೆಯೇ ಇರುತ್ತದೆ. ಬಿತ್ತನೆ ಬೀಜದ ತೇವಾಂಶವನ್ನು ಶೇ. 1ರಷ್ಟು ತಗ್ಗಿಸಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಬೀಜವಿಜ್ಞಾನದ ಹಳೆಯ ಸ್ಥೂಲ ಸೂತ್ರ. ಸೂತ್ರ ಬರುವ ಮೊದಲೇ ನಮ್ಮವರು ಬೀಜವನ್ನು ನೆಲಕ್ಕೂ ಹೊರಗೋಡೆಗೂ ತಾಗಿಸದೆ, ಒಲೆಯ ಹೊಗೆಯಾಡುವ ಅಟ್ಟದಲ್ಲಿಟ್ಟು ಕಾಪಾಡುತ್ತಿದ್ದರು. ಗ್ರಂಥಾಲಯಕ್ಕೆ ಇದರ ಪಾಠ ಸರಳವಾಗಿದೆ. ಪುಸ್ತಕಗಳು ಒಳಗಿನ ಒಣ ಕೋಣೆಯಲ್ಲಿರಲಿ. ಕಪಾಟು ಗೋಡೆಯಿಂದ ಗೇಣುದೂರ, ನೆಲದಿಂದ ಮೊಣಕಾಲೆತ್ತರ ಸರಿದಿರಲಿ. ಓದುಗರು ಬೆಳಕಿರುವ ಜಗಲಿಯಲ್ಲಿ ಕೂರಲಿ. ವಿದ್ಯಾರ್ಥಿಗಳ ಮೊದಲ ನಕ್ಷೆಯಲ್ಲಿ ಇದಕ್ಕೆ ಅವಕಾಶವಿತ್ತು. ತಿದ್ದಿದ ನಕ್ಷೆಯಲ್ಲಿ ಕಪಾಟುಗಳು ಗಾಜಿಗೆ ಬೆನ್ನು ಕೊಟ್ಟು ನಿಂತಿವೆ.

ಗುಡ್ಡದ ಮಾತು ಇದಕ್ಕಿಂತಲೂ ಗಂಭೀರ. ನಮ್ಮ ಜಂಬಿಟ್ಟಿಗೆಯ ಪದರ ನೀರನ್ನು ಇಂಗಿಸಿಕೊಳ್ಳುತ್ತದೆ; ಅದರ ಅಡಿಯ ಶೇಡಿ ಮಣ್ಣು ನೀರು ಕುಡಿದು ಜಾರುತ್ತದೆ. ಬುಡ ಗಟ್ಟಿಯಿರುವವರೆಗೆ ಗುಡ್ಡ ನಿಲ್ಲುತ್ತದೆ. ಬುಡ ಕಡಿದರೆ ಏನಾಗುತ್ತದೆಂಬುದನ್ನು 2018ರ ಆಗಸ್ಟಿನಲ್ಲಿ ಕೊಡಗು ಕಂಡಿದೆ; 2024ರ ಜುಲೈ 16ರಂದು ಹೆದ್ದಾರಿಗಾಗಿ ಗುಡ್ಡ ಕಡಿದಿದ್ದ ಅಂಕೋಲಾ ತಾಲ್ಲೂಕಿನ ಶಿರೂರು ಕಂಡಿದೆ. ಮಕ್ಕಳು ಬಂದು ಕೂರುವ ಕಟ್ಟಡದ ಬೆನ್ನಿಗೆ ಅಂತಹ ಕಡಿತವನ್ನು ನಿಲ್ಲಿಸುವುದು ಯಾವ ಕಲ್ಪನೆಯ ಹೆಸರಿನಲ್ಲೂ ಕ್ಷಮ್ಯವಲ್ಲ.

ಟೀಕೆ ಯಾರಿಂದ ಬರಬೇಕೆಂಬ ಪ್ರಶ್ನೆ ನಮ್ಮ ಹಳ್ಳಿಗೆ ಸೀಮಿತವಾದುದಲ್ಲ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ 1989ರ ಸ್ಪರ್ಧೆಯಲ್ಲಿ ದೊಮಿನಿಕ್ ಪೆರೋ ಅವರ ವಿನ್ಯಾಸ ಆಯ್ಕೆಯಾಯಿತು. ತೆರೆದಿಟ್ಟ ಪುಸ್ತಕದ ಆಕಾರದ ನಾಲ್ಕು ಗಾಜಿನ ಗೋಪುರಗಳು. ಗೋಪುರಗಳಲ್ಲಿ ಪುಸ್ತಕ, ಕೆಳಗೆ ಓದುಗರು. ತೀರ್ಪುಗಾರರು ಮೆಚ್ಚಿದರು. ಪುಸ್ತಕಗಳನ್ನು ಬಿಸಿಲಿಗಿಟ್ಟು ಓದುಗರನ್ನು ಕೆಳಗಿಳಿಸುವುದೇಕೆ ಎಂಬ ಪ್ರಶ್ನೆಯನ್ನು ವಿದ್ವಾಂಸರು ಎತ್ತಿದರು. ಕೊನೆಗೆ ಗಾಜಿನ ಒಳಬದಿಗೆ ಮರದ ಫಲಕಗಳನ್ನು ಅಳವಡಿಸಿ ಬೆಳಕನ್ನು ತಡೆಯಬೇಕಾಯಿತು. 1996ರಲ್ಲಿ ತೆರೆದ ಆ ಕಟ್ಟಡದಲ್ಲಿ ಗಾಜೂ ಇದೆ, ಗಾಜನ್ನು ಮುಚ್ಚುವ ಮರವೂ ಇದೆ. ಶ್ರೀಮಂತ ರಾಷ್ಟ್ರ ಎರಡಕ್ಕೂ ಹಣ ತೆತ್ತಿತು. ನಮ್ಮ ಪಂಚಾಯಿತಿ ತೆರಬಲ್ಲುದೇ?

ಇದಕ್ಕೆ ಪ್ರತಿಯಾದ ಮಾದರಿ ನಮ್ಮ ನೆರೆಯಲ್ಲಿಯೇ ಇದೆ. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದ ಆವರಣವನ್ನು ಲಾರಿ ಬೇಕರ್ 1970ರ ದಶಕದಲ್ಲಿ ರೂಪಿಸಿದರು. ಅಲ್ಲಿಯೂ ಗ್ರಂಥಾಲಯ ಗೋಪುರವೇ, ಆದರೆ ಇಟ್ಟಿಗೆಯದು. ಇಟ್ಟಿಗೆಯ ನಡುವೆ ಬಿಟ್ಟ ಜಾಲಂಧ್ರಗಳು ಬಿಸಿಲನ್ನು ಸೋಸಿ ಗಾಳಿಯನ್ನು ಒಳಬಿಡುತ್ತವೆ. ಅಲ್ಲಿ ಕಲ್ಪನೆಯ ಕೊರತೆಯಿದೆಯೆಂದು ಯಾರೂ ಹೇಳಲಾರರು.

ಆಕ್ಷೇಪಗಳು ನನಗೆ ತಿಳಿಯದಿಲ್ಲ. ವಿದ್ಯಾರ್ಥಿಗೆ ಕಲ್ಪನೆಯ ಸ್ವಾತಂತ್ರ್ಯ ಬೇಡವೇ ಎನ್ನುತ್ತಾರೆ. ಬೇಕು. ಎರಚಲನ್ನು ತಡೆದೂ ಕಣಿವೆಯನ್ನು ತೋರಿಸುವ ಕಿಟಕಿಯನ್ನು ರೂಪಿಸಲು ಗಾಜಿನ ಗೋಡೆಗಿಂತ ಹೆಚ್ಚಿನ ಕಲ್ಪನೆಯೇ ಬೇಕು. ಹಳ್ಳಿಯವರೇ ತಾರಸಿ ಕೇಳುತ್ತಾರಲ್ಲ ಎಂದೂ ಹೇಳುತ್ತಾರೆ. ನಿಜ. ಮಂಗಗಳು ಹೆಂಚು ಒಡೆಯುತ್ತವೆ, ವರ್ಷವರ್ಷ ಹೆಂಚು ಕೈಯಾಡಿಸಲು ಆಳು ಸಿಗುವುದಿಲ್ಲ, ಮರಮುಟ್ಟು ದುಬಾರಿ. ಇವೆಲ್ಲ ನೈಜ ಕಷ್ಟಗಳು. ಹಳೆಯ ಮನೆಯ ಹಂಬಲದಿಂದ ಇವಕ್ಕೆ ಉತ್ತರ ದೊರೆಯದು. ಆದರೆ ಈ ಕಷ್ಟಗಳಲ್ಲಿ ಒಂದಾದರೂ ಆ ಜ್ಯೂರಿಯಲ್ಲಿ ಚರ್ಚೆಗೆ ಬಂದಿತೇ?

ಆದುದರಿಂದ ವಾಸ್ತುಶಿಲ್ಪದ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ಆಗ್ರಹ ಮೂರು. ಹಳ್ಳಿಯ ಕಟ್ಟಡಕ್ಕೆ ಎರಡನೆಯ ಜ್ಯೂರಿ ಆ ಹಳ್ಳಿಯಲ್ಲಿಯೇ, ಜುಲೈ ತಿಂಗಳಲ್ಲಿಯೇ ನಡೆಯಲಿ. ಗ್ರಂಥಪಾಲಕಿ, ಗಾರೆ ಕೆಲಸದವರು, ಶಾಲೆಯ ಮಕ್ಕಳು ತೀರ್ಪುಗಾರರಾಗಲಿ. ಕಟ್ಟಡದ ಸೀಳುನಕ್ಷೆಯ ಮೇಲೆ ಓರೆಮಳೆಯ ಗೆರೆಯನ್ನೂ ಇಂಗುವ ನೀರಿನ ಹಾದಿಯನ್ನೂ ಎಳೆದು ತೋರಿಸಿ. ತಿದ್ದುಪಡಿಯಲ್ಲಿ ಏನನ್ನು ಸೇರಿಸಿದಿರೆಂಬುದರ ಜೊತೆಗೆ ಏನನ್ನು ಕಳೆದಿರಿ, ಯಾರ ಮಾತಿಗೆ ಕಳೆದಿರಿ ಎಂಬುದನ್ನೂ ಬರೆದಿಡಿ. ಮೇಷ್ಟರ ಮೆಚ್ಚುಗೆಗಾಗಿ ಕಳಚಿದ ಜಗಲಿಯನ್ನು ಮರಳಿ ಕೂಡಿಸಲು ಅಂಜಬೇಡಿ.

ಊರವರಲ್ಲಿಯೂ ಒಂದು ಮಾತು. ನಗರದ ಮಕ್ಕಳು ಬಂದಾಗ ಕಾಫಿ ಕೊಟ್ಟು, ನಕ್ಷೆ ನೋಡಿ, ಬಹಳ ಚೆನ್ನಾಗಿದೆ ಎಂದು ಕಳುಹಿಸುವುದು ನಮ್ಮ ಸೌಜನ್ಯ. ಈ ಸೌಜನ್ಯದಿಂದ ಅವರಿಗೂ ನಮಗೂ ಕೇಡು. ಕೊಳೆರೋಗಕ್ಕೆ ಬೋರ್ಡೊ ದ್ರಾವಣವನ್ನು ಮಳೆ ಹಿಡಿಯುವ ಮುನ್ನ ಸಿಂಪಡಿಸುವ ನಾವು, ಕಟ್ಟಡದ ತಪ್ಪನ್ನು ಪಾಯ ತೋಡುವ ಮುನ್ನ ಹೇಳಲು ಏಕೆ ಹಿಂಜರಿಯಬೇಕು? 1965ರ ಕಾನೂನಿನಂತೆ ನಾವು ಕಟ್ಟಡ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ತೆರುತ್ತಿದ್ದೇವೆ. 2019ರಿಂದ ಹಳ್ಳಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದಿವೆ. ಕೇಳುವ ಹಕ್ಕೂ ಇದೆ, ಕೇಳುವ ಸ್ಥಳವಾಗಿ ಗ್ರಾಮಸಭೆಯೂ ಇದೆ.

ಬೆಂಗಳೂರಿನಲ್ಲಿ ಬಾಳಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಮುಂದಿಟ್ಟ ಐದು ಸೂತ್ರಗಳಲ್ಲಿ ಕೊನೆಯದು ಗ್ರಂಥಾಲಯವನ್ನು ಬೆಳೆಯುವ ಜೀವಿಯೆಂದು ಗುರುತಿಸುತ್ತದೆ. ಜೀವಿಯಾದುದು ತನ್ನ ಮಣ್ಣು, ನೀರು, ಗಾಳಿಗೆ ಹೊಂದಿಕೊಂಡೇ ಬೆಳೆಯಬೇಕು. ಪಂಚಾಯಿತಿಯ ಮೇಜಿನ ಮೇಲಿರುವ ಆ ನಕ್ಷೆಗೆ ಇನ್ನೂ ಸಹಿ ಬಿದ್ದಿಲ್ಲ. ಮುಂದಿನ ಗ್ರಾಮಸಭೆಗೆ ಬನ್ನಿ. ಎರಡೂ ನಕ್ಷೆಗಳನ್ನು ತರಿಸಿ ಪಕ್ಕಪಕ್ಕದಲ್ಲಿಟ್ಟು ಕೇಳೋಣ.